ಭಾನುಪ್ರಿಯಳ ಮೊದಲ ಕೆಲಸ

ನಾನು ಇವತ್ತು ಕೂರುವ ಕುರ್ಚಿ ನ್ಯಾಯವಾಗಿ ಭಾನುಪ್ರಿಯಳದ್ದು. ಅವಳ ಎದುರು ಹೀಗೆಂದರೆ ಸುಮ್ಮನಿರೇ ಶಶಿ ಎಂದು ಗದರುತ್ತಾಳೆ. ಗದರಲಿ, ನಿಜವಂತೂ ಅದೇ.

ನಾವಿಬ್ಬರೂ ಆಂಡರ್ಸನ್‌ಪೇಟೆಯ ಒಂದೇ ಬೀದಿಯವರು. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು. ಕೆಮಿಸ್ಟ್ರಿಯಲ್ಲಿ ಅವಳಿಗೆ ಎಂಬತ್ತೆಂಟು, ನನಗೆ ದೇವರ ದಯೆಯಿಂದ ನಲವತ್ತೊಂದು. 2012ರಲ್ಲಿ ಬಿ.ಎಸ್‌ಸಿ. ಮುಗಿಯುತ್ತಿದ್ದಂತೆ ನಮ್ಮ ಮೇಷ್ಟ್ರು ಅವಳನ್ನು ಕರೆದು, ಬಂಗಾರಪೇಟೆಯಲ್ಲಿ ಒಬ್ಬ ಡಾಕ್ಟರು ರಕ್ತಪರೀಕ್ಷೆಯ ಲ್ಯಾಬ್ ತೆರೆದಿದ್ದಾರೆ, ಹೋಗಿ ಸೇರಿಕೋ ಎಂದರು. ಕೆಲಸ ಎಂದರೆ ಸೀಸೆ ತೊಳೆಯುವುದು, ಅದರ ಮೇಲೆ ರೋಗಿಯ ಹೆಸರು ಅಂಟಿಸುವುದು. ಅವಳು ಖುಷಿಯಿಂದ ಮನೆಗೆ ಓಡಿದಳು. ಅವಳಪ್ಪ ಕೋದಂಡಪ್ಪನವರು ಬೇಡ ಅಂದರು.

ಅವರು ಕೆಟ್ಟವರಾಗಿದ್ದರೆ ಇದನ್ನು ಹೇಳುವುದು ನನಗೆ ಸುಲಭವಾಗುತ್ತಿತ್ತು. ತಾಯಿಯಿಲ್ಲದ ಮಗಳಿಗೆ ತಾವೇ ಜಡೆ ಹೆಣೆದು ಸ್ಕೂಲಿಗೆ ಕಳಿಸಿದವರು ಅವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು ನಮ್ಮೂರಿನ ಚಿನ್ನದ ಗಣಿ ಮೈಸೂರು ಮೈನ್ಸ್‌ಗೆ ಹೋದಾಗ, ನಾಲ್ಕು ತಿಂಗಳು ತಾಳಿದರೆ ಹಾಜರಿ ಬರೆಯುವ ಗುಮಾಸ್ತರನ್ನು ಕರೆಯುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಇವರು ತಾಳಲಿಲ್ಲ. ಸದ್ಯಕ್ಕೆ ಒಳಗೆ ಸೇರಿಕೊಂಡರೆ ಆಮೇಲೆ ಬದಲಾಯಿಸಿಕೊಳ್ಳಬಹುದು ಎಂದುಕೊಂಡು, ನೆಲದಡಿಯಲ್ಲಿ ಕಲ್ಲು ತುಂಬುವ ಕೆಲಸಕ್ಕೆ ಹೆಸರು ಬರೆಸಿದರು. ಆ ಬದಲಾವಣೆ ಬರಲೇ ಇಲ್ಲ. 2001ರಲ್ಲಿ ಗಣಿ ಮುಚ್ಚಿದ ದಿನವೂ ಅವರು ಕಲ್ಲು ತುಂಬುತ್ತಲೇ ಇದ್ದರು. ಇಷ್ಟೆಲ್ಲದರಿಂದ ಕಲಿತ ಒಂದೇ ಪಾಠವನ್ನು ಮಗಳಿಗೆ ಹೇಳಿದರು.

“ಮೊದ್ಲನೇ ದಿನ ಏನಂತ ಬರಿಸ್ಕೊಂತೀಯೋ ಸಾಯೋಗಂಟ ಅದೇ ಕಣಮ್ಮ. ಸೀಸೆ ತೊಳ್ಯೋಳು ಅಂತ ಬರಿಸ್ಕೊಬ್ಯಾಡ. ಕಾಯಿ, ಒಳ್ಳೇದು ಬತ್ತದೆ.”

ಅವಳು ಕಾಯುತ್ತಾ ಕೂತಳು. ಆ ಕೆಲಸಕ್ಕೆ ನಾನು ಹೋದೆ. ಮನೆಯಲ್ಲಿದ್ದರೆ ಯಾರಿಗಾದರೂ ಕಟ್ಟಿಬಿಡುತ್ತಾರೆ ಎಂಬ ಭಯ ಬಿಟ್ಟರೆ ನನಗೆ ಬೇರೆ ಗುರಿ ಇರಲಿಲ್ಲ. ಆರು ತಿಂಗಳು ಸೀಸೆ ತೊಳೆದೆ. ರಕ್ತ ತೆಗೆಯುವವಳು ಹೆರಿಗೆಗೆಂದು ತವರಿಗೆ ಹೋದಾಗ ಸೂಜಿ ನನ್ನ ಕೈಗೆ ಬಂತು. ಆಮೇಲೆ ಡಾಕ್ಟರು ಬೈದು ಬೈದು ಡಿಪ್ಲೊಮಾ ಮಾಡಿಸಿದರು. ಈಗ ಲ್ಯಾಬು ನಡೆಸುವವಳು ನಾನೇ, ಒಂಬತ್ತು ಜನ ಕೈಕೆಳಗಿದ್ದಾರೆ. ಇದರಲ್ಲಿ ಒಂದನ್ನೂ ನಾನು ಯೋಚಿಸಿ ಆರಿಸಿಕೊಳ್ಳಲಿಲ್ಲ.

ಭಾನು ಬ್ಯಾಂಕು, ರೈಲ್ವೆ, ಕೆಪಿಎಸ್‌ಸಿ ಎಲ್ಲಕ್ಕೂ ಪರೀಕ್ಷೆ ಬರೆದಳು. ಎರಡು ಸಲ ಕೂದಲೆಳೆಯಲ್ಲಿ ತಪ್ಪಿತು. ನಡುವೆ ಪಕ್ಕದ ಉರಿಗಾಮಿನ ಒಂದು ಔಷಧಿ ಅಂಗಡಿಯವರು ಕರೆದರು, ಒಂದು ನರ್ಸರಿ ಶಾಲೆಯವರೂ ಕರೆದರು. ಎರಡೂ ಸಲ ಅಪ್ಪ ಅದೇ ಮಾತು ಹೇಳಿದರು. ಇವಳು ಬೀದಿಯ ಮಕ್ಕಳಿಗೆ ಮನೆಪಾಠ ಹೇಳುತ್ತಾ ಉಳಿದಳು. ಬರುಬರುತ್ತಾ ಬ್ಯಾಂಕು, ರೈಲ್ವೆಗೆ ಸೇರುವ ವಯಸ್ಸೂ ಮೀರಿತು. ಅಷ್ಟು ಜಾಣೆಯನ್ನು ಮನೆಯೊಳಗೆ ಕೂರಿಸಿದರಲ್ಲ ಎಂದು ನನಗೆ ಅವರ ಮೇಲೆ ಸಿಟ್ಟಿತ್ತು. ಇವಳ ಮೇಲೂ ಇತ್ತು. ಒಂದು ಸಲವಾದರೂ ಎದುರು ಮಾತಾಡಬಾರದಿತ್ತೇ?

ಈ ವರ್ಷ ಕೋದಂಡಪ್ಪನವರು ಹಾಸಿಗೆ ಹಿಡಿದರು. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆ. ವಾರಕ್ಕೊಮ್ಮೆ ಬೆಳಿಗ್ಗೆ ಲ್ಯಾಬಿಗೆ ಹೋಗುವ ಮುಂಚೆ ನಾನೇ ಮನೆಗೆ ಹೋಗಿ ರಕ್ತ ತೆಗೆಯುತ್ತೇನೆ. ಹೋದ ತಿಂಗಳು ಒಂದು ದಿನ ಭಾನು ಅಡುಗೆಮನೆಯಲ್ಲಿದ್ದಳು. ನನ್ನ ಕೈಯನ್ನೇ ನೋಡುತ್ತಿದ್ದವರು, ಈ ಕೆಲಸಕ್ಕೆ ಮೊದಲು ಕರೆದದ್ದು ನಮ್ಮ ಭಾನುವನ್ನಲ್ಲವೇ ಎಂದು ಕೇಳಿದರು. ಹೌದೆಂದೆ. ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

“ಈಗ ತಕ್ಕೊಂತೀಯೇನಮ್ಮ ಅವ್ಳನ್ನ? ಏನಂತಾದ್ರೂ ಬರ್ಕೋ.”

ಹದಿಮೂರು ವರ್ಷದಿಂದ ಅವರಿಗೆ ಹೇಳಬೇಕೆಂದು ಕೂಡಿಟ್ಟ ಮಾತುಗಳಿದ್ದವು. ಅವನ್ನು ಅಲ್ಲೇ ಬಿಟ್ಟು ಎದ್ದೆ. ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಿತ್ತು. ಒಳಗೆ ಓಡಿ, ನಿಮ್ಮಪ್ಪನೇ ಒಪ್ಪಿದ್ದಾರೆ, ಸೋಮವಾರದಿಂದಲೇ ಬಾ ಎಂದೆ. ಭಾನು ಒಲೆ ಆರಿಸಿ ನನ್ನ ಕಡೆ ತಿರುಗಿದಳು.

“ಈಗ್ ಬ್ಯಾಡ ಕಣೇ. ನಾನ್ ಬಂದ್ರೆ ಒಂದೇ ತಿಂಗ್ಳಲ್ಲಿ ಕಲ್ತ್ಕೊಂಬಿಡ್ತೀನಿ. ಇಷ್ಟೇನಾ ಇದ್ದಿದ್ದು ಅಂತ ನಮ್ಮಪ್ಪ ಹದಿಮೂರು ವರ್ಷಾನೂ ಎಣಿಸ್ತಾ ಮಲಗಿರ್ತಾನೆ. ಅವ್ನು ಇರೋಗಂಟ ಬ್ಯಾಡ. ಆಮೇಲೆ ಬತ್ತೀನಿ.”

ಅಪ್ಪನಿಗೆ ಏನು ಹೇಳಬೇಕೆಂಬುದನ್ನೂ ಅವಳೇ ಹೇಳಿಕೊಟ್ಟಳು. ನಾನು ಹೊರಗೆ ಬಂದು, ಯಾವುದೋ ದೊಡ್ಡ ಪರೀಕ್ಷೆಯ ರಿಸಲ್ಟ್ ಬರುವುದಿದೆಯಂತೆ, ಅಲ್ಲಿಯವರೆಗೆ ಬರಲ್ಲವಂತೆ ಮಾಮ ಎಂದು ಸುಳ್ಳು ಹೇಳಿದೆ. ಅವರ ಮುಖ ಗೆಲುವಾಯಿತು. ಹಾಗಾದರೆ ಕಾಯಲಿ ಬಿಡಮ್ಮ, ಒಳ್ಳೆಯದೇ ಬರುತ್ತದೆ ಎಂದರು. ನಾನು ಬೀದಿಗೆ ಬಂದು ಗೋಡೆ ಹಿಡಿದುಕೊಂಡು ಅತ್ತೆ.

ಆ ಜಾಗಕ್ಕೆ ನಾನು ಯಾರನ್ನೂ ತೆಗೆದುಕೊಂಡಿಲ್ಲ. ಡಾಕ್ಟರು ಕೇಳಿದಾಗಲೆಲ್ಲ, ಒಬ್ಬಳು ಬರುತ್ತಾಳೆ ಸಾರ್ ಎನ್ನುತ್ತೇನೆ. ಇವಳಿಗೊಂದು ಕೆಲಸ ಕೊಡಿಸಪ್ಪಾ ಎಂದು ಇಷ್ಟು ವರ್ಷ ನಾನು ಬೇಡದ ದೇವರಿಲ್ಲ. ಈಗ ಕೆಲಸ ನನ್ನ ಕೈಯಲ್ಲೇ ಇದೆ. ಅವಳು ಬಂದು ಸೇರುವ ದಿನ ಬೇಗ ಬರಲಿ ಎಂದು ಬೇಡಿಕೊಳ್ಳಲು ಮಾತ್ರ ನನಗೆ ಬಾಯಿ ಬರುತ್ತಿಲ್ಲ.