ಕುರ್ಚಿ ಸಾಹೇಬರು

ರಾಯಭಾರ ಕಚೇರಿಯಲ್ಲಿ ವ್ಯಾಪಾರ, ಹೂಡಿಕೆಗಳ ಒಪ್ಪಂದ ಕುದುರಿಸುವ ಅಧಿಕಾರಿ ಅವರು. ಆದರೆ ಜವಾನನಿಂದ ರಾಯಭಾರಿಯವರೆಗೆ ಎಲ್ಲರ ಬಾಯಲ್ಲೂ ಕುರ್ಚಿ ಸಾಹೇಬರೇ. ಮಾತುಕತೆಯ ದಿನ ಎಲ್ಲರಿಗಿಂತ ಮೊದಲೇ ಬಂದು, ಕೋಟು ಕಳಚಿಟ್ಟು, ಕೋಣೆಯ ಕುರ್ಚಿಗಳನ್ನೆಲ್ಲ ತಾವೇ ಎಳೆದಾಡುತ್ತಾರೆ. "ಎದುರುಬದುರು ಕೂತ್ರೆ ಸುಂಕದ ಮಾತು ಜಗಳಕ್ಕೆ ತಿರುಗುತ್ತೆ ಕಣಯ್ಯ, ಪಕ್ಕಪಕ್ಕ ಕೂತ್ರೆ ಇಬ್ಬರೂ ಕಾಗದಾನೇ ನೋಡ್ತಾರೆ" ಎಂದು ಜವಾನನಿಗೆ ಪ್ರತಿಸಲವೂ ಪಾಠ. ಬಿಸಿಲು ಮುಖಕ್ಕೆ ಹೊಡೆದರೆ ಹೂಡಿಕೆದಾರರ ಹಠ ಹೆಚ್ಚುತ್ತದೆಂದು ಪರದೆ ಎಳೆಯುತ್ತಾರೆ. ಆ ಕಡೆಯವರು ಮೇಜು ಗುದ್ದಿ ಎದ್ದು ಹೋದರೂ, "ಆಗಲ್ಲ ಅಂದ್ರೆ ಇನ್ನೂ ಒಪ್ಪಿಲ್ಲ ಅಂತ ಅಷ್ಟೇ" ಎನ್ನುತ್ತಾ ಅವರ ಕುರ್ಚಿಯನ್ನು ಒರೆಸಿಡುತ್ತಾರೆ. ಮನೆಯಲ್ಲೂ ಇದೇ ಗೀಳು, ಇದೇ ಮಾತು. ಮುನಿಸಿಕೊಂಡಾಗ ಹೆಂಡತಿ "ನನ್ನ ಕುರ್ಚಿ ಮುಟ್ಟಿದ್ರೆ ನೋಡಿ ಮತ್ತೆ" ಎಂದು ಮೊದಲೇ ಗದರುತ್ತಾರೆ. ಸಾಹೇಬರಿಗೆ ಬಡ್ತಿಯ ಮೇಲೆ ಬೇರೆ ದೇಶಕ್ಕೆ ವರ್ಗವಾದ ಸುದ್ದಿ ಬಂದಾಗಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಊರೂರು ತಿರುಗಿ ಸೇರಿದ ಶಾಲೆಗಳಲ್ಲಿ ಅವಳಿಗೊಬ್ಬಳು ಗೆಳತಿ ಅಂತ ಸಿಕ್ಕಿದ್ದು ಇಲ್ಲೇ. ನಿನ್ನೆ ಊಟಕ್ಕೆ ಬೇಕೆಂದೇ ಅಪ್ಪನ ಎದುರಿಗೆ ಕೂತಳು. ಸಾಹೇಬರು ಕುರ್ಚಿಯ ತಂಟೆಗೆ ಹೋಗಲಿಲ್ಲ. "ಬಡ್ತಿ ಬೇಡ, ಮಗಳ ಶಾಲೆ ಮುಗಿಯೋವರೆಗೂ ಇಲ್ಲೇ ಬಿಡಿ ಅಂತ ಕೇಳ್ಕೊಂಡೆ ಪುಟ್ಟಿ" ಎಂದರು. "ಏನಂದ್ರು?" "ಆಗಲ್ಲ ಅಂದ್ರು." ಆ ಮಾತಿಗೆ ಮುಂದೇನೂ ಸೇರಿಸದೆ ಅವರು ತಟ್ಟೆ ನೋಡುತ್ತಾ ಕೂತದ್ದು ಅದೇ ಮೊದಲು. ಮಗಳು ಎದ್ದಳು. "ಇನ್ನೂ ಒಪ್ಪಿಲ್ಲ ಅಂತ ಅಷ್ಟೇ ಅಪ್ಪಾ" ಎನ್ನುತ್ತಾ, ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಅವರ ಪಕ್ಕಕ್ಕೆ ಬಂದು ಕೂತಳು.