ಬುಟ್ಟಿಯಲ್ಲಿ ಹನ್ನೆರಡು ಜೊತೆ

ಬಂದರಿನಲ್ಲಿ ಅವಳನ್ನು ಎಲ್ಲರೂ ಬುಟ್ಟಿಯಕ್ಕ ಎಂದೇ ಕರೆಯುತ್ತಾರೆ. ಆ ಹೆಸರು ಬಂದದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಹಾಯಿ ಹೊಲಿಯುವ ಶೆಡ್ಡಿನಲ್ಲಿ ನೆಲದ ಮೇಲೆ ಕುಳಿತು, ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ದಪ್ಪ ಸೂಜಿಯಿಂದ ಹರಿದ ಹಾಯಿಗಳಿಗೆ ತೇಪೆ ಹಾಕುತ್ತಿದ್ದಳು. ಕಣ್ಣು ಮಂಜಾಗಿ ಹೊಲಿಗೆ ಓರೆಯಾಗತೊಡಗಿದಾಗ ಶೆಡ್ಡಿನವರು ಸಾಕು ಅಂದರು. ಗಂಡ ಬಹಳ ಹಿಂದೆಯೇ ಬೇರೆ ಸಂಸಾರ ಹೂಡಿದ್ದ. ಅದರ ಬಗ್ಗೆ ಅವಳು ಮಾತಾಡುವುದಿಲ್ಲ, ಮಾತಾಡಬೇಕಾದ ಅಗತ್ಯವೂ ಇಲ್ಲ.

ತಮ್ಮನಿಗೆ ಒಂದು ಹಾಯಿದೋಣಿಯಿತ್ತು. ಶನಿವಾರ ಬೆಳಗ್ಗೆ ಒಂದು ಗುಂಪನ್ನು ಹತ್ತಿಸಿಕೊಂಡು, ದ್ವೀಪಗಳನ್ನು ಸುತ್ತಿಸಿ, ಭಾನುವಾರ ಸಂಜೆ ದಡಕ್ಕೆ ತಂದು ಬಿಡುವುದು ಅವನ ಕಸುಬು. "ಅಕ್ಕ, ಅಡುಗೆಗೆ ಬಾ. ಮನೇಲಿ ಕೂತು ಗೋಡೆ ನೋಡೋ ಬದಲು ಸಮುದ್ರ ನೋಡು," ಎಂದು ಕರೆದ. ಹೋದಳು. ಎಂಟು ವರ್ಷ ಸಮುದ್ರವನ್ನು ನೋಡಲು ಪುರುಸೊತ್ತು ಸಿಗಲಿಲ್ಲ. ಕೆಳಗಿನ ಕೋಣೆಯಲ್ಲಿ ತಲೆ ಬಗ್ಗಿಸಿಯೇ ನಿಲ್ಲಬೇಕಾದ ಒಂದು ಮೂಲೆ, ಅಲುಗದಂತೆ ತಂತಿ ಬಿಗಿದ ಒಲೆ, ಏಣಿಯ ಪಕ್ಕ ಒಂದು ಬೆತ್ತದ ಬುಟ್ಟಿ, ಇವಿಷ್ಟೇ ಅವಳ ರಾಜ್ಯ.

ಬುಟ್ಟಿ ಚಪ್ಪಲಿಗಳದ್ದು. ದೋಣಿಯ ಮೇಲೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಹಲಗೆ ಹಾಳಾಗುತ್ತದೆ. ಹತ್ತುವಾಗ ಬುಟ್ಟಿಗೆ ಹಾಕಬೇಕು, ದ್ವೀಪದಲ್ಲಿ ಇಳಿಯುವಾಗ ತೆಗೆದುಕೊಳ್ಳಬೇಕು, ಮರಳಿ ಬಂದಾಗ ಮತ್ತೆ ಹಾಕಬೇಕು. ಜೊತೆಗಳು ಭರ್ತಿಯಾದರೆ ಜನ ಭರ್ತಿ. ಇದು ಅವರ ಅಪ್ಪನ ಕಾಲದ ಲೆಕ್ಕ. "ತಲೆ ಎಣಿಸೋಕೆ ಹೋದ್ರೆ ತಲೆ ಕೆಡುತ್ತೆ. ಒಂದೂ ಒಂದು ಕಡೆ ನಿಲ್ಲಲ್ಲ. ಚಪ್ಪಲಿ ಇಟ್ಟ ಕಡೆ ಇರುತ್ತೆ," ಎಂದು ತಮ್ಮ ಹೇಳುತ್ತಿದ್ದ. ಎಂಟು ವರ್ಷಗಳಲ್ಲಿ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪದ ಲೆಕ್ಕವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ.

ಆ ಶನಿವಾರ ಬಂದವರು ಒಂದು ಮುದ್ರಣಾಲಯದವರು, ಮಾಲೀಕ ಸೇರಿ ಹನ್ನೆರಡು ಜನ. ಮುದ್ರಣಾಲಯಕ್ಕೆ ಇಪ್ಪತ್ತೈದು ತುಂಬಿತೆಂದು ಮಾಲೀಕ ಈ ಪ್ರವಾಸ ಮಾಡಿಸಿದ್ದ. ಹತ್ತಿದ ಗಳಿಗೆಯಿಂದ ಹಾಡು, ಗಲಾಟೆ, ಫೋಟೊ. ಅವರಲ್ಲಿ ಬೈಂಡರ್ ಒಬ್ಬ, ಐವತ್ತೈದರ ಸಣಕಲು ಮನುಷ್ಯ, ಉಗುರುಗಳ ಸಂದಿಯಲ್ಲಿ ಒಣಗಿದ ಅಂಟು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಪುಸ್ತಕ ಹೊಲಿಯುತ್ತಿದ್ದ. ಅವನು ಬುಟ್ಟಿಯಕ್ಕ ಹಾಯಿಗೆ ಹಾಕಿದ್ದ ತೇಪೆಯೊಂದನ್ನು ಬೆರಳಿನಲ್ಲಿ ಸವರಿ, "ಇದು ಕೈಹೊಲಿಗೆ ಅಲ್ವಾ?" ಎಂದು ಕೇಳಿದ್ದ. ಇಡೀ ದಿನದಲ್ಲಿ ಅವನಾಡಿದ ಮಾತುಗಳಲ್ಲಿ ಅದೊಂದು.

ಇನ್ನೊಂದು ಮಾತು ಮಧ್ಯಾಹ್ನದ್ದು. ಎರಡು ದ್ವೀಪಗಳ ನಡುವೆ ಒಂದು ಮರಳುದಿಬ್ಬವಿದೆ. ಇಳಿತದಲ್ಲಿ ನಾಲ್ಕೈದು ಗಂಟೆ ಬಿಳಿಯಾಗಿ ಮೇಲೆ ಕಾಣುತ್ತದೆ, ಉಬ್ಬರದಲ್ಲಿ ಮುಳುಗುತ್ತದೆ. ತಮ್ಮ ಪುಟ್ಟ ದೋಣಿಯಲ್ಲಿ ಮೂರು ಸರದಿ ಮಾಡಿ ಜನರನ್ನು ಅಲ್ಲಿಗೆ ಬಿಟ್ಟ. ಕೊನೆಯ ಸರದಿಯಲ್ಲಿ ಬೈಂಡರ್ ಏಣಿಯ ಬಳಿ ನಿಂತು, "ಅಕ್ಕ, ಹೊಸ ಚಪ್ಪಲಿ ಕಚ್ಚಿ ಬೊಬ್ಬೆ ಬಂದಿದೆ. ಬರಿಗಾಲಲ್ಲೇ ಹೋಗ್ಲಾ?" ಎಂದ.

"ಹೋಗಿ, ಮರಳು ತಾನೆ," ಅಂದಳು ಅವಳು.

ಆಗಲೇ ಒಲೆಯ ಮೇಲೆ ಅನ್ನ ತಳ ಹಿಡಿದ ವಾಸನೆ ಬಂತು. ಕೆಳಗೆ ಓಡಿದಳು. ಮಾತು ಅಲ್ಲಿಗೇ ಮರೆತುಹೋಯಿತು.

ಒಂದೂಕಾಲಿಗೆ ತಮ್ಮ ಕಹಳೆ ಊದಿದ. ಪುಟ್ಟ ದೋಣಿಯಲ್ಲಿ ಸರದಿಯ ಮೇಲೆ ಜನ ಬಂದರು, ಒದ್ದೆ ಕಾಲು, ನಗು, ಚಪ್ಪಲಿಗಳ ಪಟಪಟ. ಅವಳು ಸೌಟು ಹಿಡಿದೇ ಏಣಿಯ ಬಳಿ ಬಂದು ಬುಟ್ಟಿ ನೋಡಿದಳು. ಹನ್ನೆರಡು ಜೊತೆ. "ಭರ್ತಿ!" ಎಂದು ಕೂಗಿದಳು. ಲಂಗರು ಎತ್ತಿದರು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ದೋಣಿ ಮುಂದಿನ ದ್ವೀಪದ ಕಡೆಗೆ ಜಾರಿದಂತೆ ಓಡಿತು. ಊಟದ ತಟ್ಟೆಗಳನ್ನು ಮೇಲಕ್ಕೆ ಒಟ್ಟಿಗೆ ಕಳಿಸಿದ್ದಳು. ಯಾರು ತೆಗೆದುಕೊಂಡರು, ಯಾರು ಎರಡು ಸಲ ಬಡಿಸಿಕೊಂಡರು ಎಂದು ನೋಡಲಿಲ್ಲ.

ಎರಡೂಕಾಲಿಗೆ ಚಹಾ ಕೊಟ್ಟಳು. ಅದನ್ನು ಮಾತ್ರ ಅವಳು ಕೈಯಾರೆ ಹಂಚುತ್ತಿದ್ದಳು. ತಟ್ಟೆಯಲ್ಲಿ ಒಂದು ಲೋಟ ಉಳಿಯಿತು.

"ಯಾರಿಗೆ ಸಿಗ್ಲಿಲ್ಲ?"

ಮಾಲೀಕ ಟೋಪಿ ಸರಿಸಿ ನೋಡಿ, "ನಮ್ಮ ಬೈಂಡರ್ ಇರ್ಬೇಕು. ಕೆಳಗೆ ಮಲಗಿರ್ತಾರೆ ಬಿಡಿ. ಎಲ್ಲಾದರೂ ಮೂಲೆ ಸಿಕ್ಕಿದ್ರೆ ಸಾಕು ಅವರಿಗೆ," ಎಂದ. ಯಾರೋ ನಕ್ಕರು.

ಕೆಳಗೆ ಹೋಗಿ ನೋಡಿದಳು. ಮಂಚಗಳು ಖಾಲಿ. ಶೌಚದ ಬಾಗಿಲು ತೆರೆದೇ ಇತ್ತು. ಮೇಲೆ ಬಂದು ಬುಟ್ಟಿಯ ಮುಂದೆ ಕುಕ್ಕರಿಸಿ ಚಪ್ಪಲಿಗಳನ್ನು ಒಂದೊಂದಾಗಿ ತೆಗೆದಳು. ಎಲ್ಲಕ್ಕಿಂತ ಕೆಳಗೆ ಕಂದು ಬಣ್ಣದ ಒಂದು ಹೊಸ ಜೊತೆ. ಉಳಿದವಕ್ಕೆ ಮರಳು ಮೆತ್ತಿತ್ತು, ಇದಕ್ಕೆ ಒಂದು ಕಾಳೂ ಇರಲಿಲ್ಲ.

"ತಿರುಗಿಸು," ಎಂದಳು ತಮ್ಮನಿಗೆ.

"ಏನಾಯ್ತಕ್ಕ?"

"ದಿಬ್ಬದ ಮೇಲೆ ಒಬ್ಬರನ್ನ ಬಿಟ್ಟು ಬಂದಿದೀವಿ."

"ಭರ್ತಿ ಅಂದ್ಯಲ್ಲ ನೀನೇ!"

"ಅಂದೆ. ತಿರುಗಿಸು."

ಯಾರೋ ಬೈಂಡರ್‌ನ ನಂಬರಿಗೆ ಫೋನ್ ಮಾಡಿದರು. ಬೆಂಚಿನ ಕೆಳಗಿದ್ದ ಚೀಲದೊಳಗೆ ಅದು ಗುಣುಗುಣು ಹೊಡೆದುಕೊಂಡಿತು. ಆಮೇಲೆ ಹಾಡು ನಿಂತಿತು. "ಅವರಿಗೆ ಈಜು ಬರುತ್ತಾ?" ಎಂದು ಬುಟ್ಟಿಯಕ್ಕ ಕೇಳಿದಳು. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದವರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಓಡಿಸಿಕೊಂಡು ಬಂದ ಗಾಳಿಯೇ ಈಗ ಎದುರಾಯಿತು. ಎದುರುಗಾಳಿಗೆ ಹಾಯಿ ನೆಟ್ಟಗೆ ಹೋಗುವುದಿಲ್ಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೋಗಬೇಕು. ದಿಬ್ಬದಿಂದ ದೂರ ಸರಿಯುತ್ತಿದ್ದೇವೆ ಅನ್ನಿಸುವಷ್ಟು ಓರೆ. ಇಂಜಿನ್ ಬಂದರಿನ ಒಳಗೆ ಓಡಾಡಲು ಇಟ್ಟುಕೊಂಡದ್ದು. ತಮ್ಮ ಅದನ್ನೂ ಹಚ್ಚಿದ. ಇಪ್ಪತ್ತು ನಿಮಿಷಕ್ಕೆ ಬಿಸಿಯಾಗಿ ಹೊಗೆ ಕಾರಿತು. ರೇಡಿಯೊದಲ್ಲಿ ಸಿಕ್ಕಿದ ದೋಣಿ ಇವರಿಗಿಂತ ದೂರದಲ್ಲಿತ್ತು.

"ಎಷ್ಟು ಹೊತ್ತಿಗೆ ಮುಳುಗುತ್ತೆ ಅದು?" ಎಂದು ಮಾಲೀಕ ಕೇಳಿದ.

"ಮೂರೂವರೆ," ಎಂದ ತಮ್ಮ.

"ನಾವು?"

ತಮ್ಮ ಚುಕ್ಕಾಣಿಯಿಂದ ಕಣ್ಣೆತ್ತಲಿಲ್ಲ. "ಹಗ್ಗ ಎಳೀರಿ ಸ್ವಾಮಿ. ಪ್ರಶ್ನೆ ಆಮೇಲೆ ಕೇಳೀರಂತೆ."

ಎಳೆದರು. ಜೀವಮಾನದಲ್ಲಿ ಹಗ್ಗ ಮುಟ್ಟದ ಕೈಗಳು ಸಿಪ್ಪೆ ಸುಲಿದವು. ಮಾಲೀಕ ಇದ್ದಕ್ಕಿದ್ದಂತೆ ಬುಟ್ಟಿಯಕ್ಕನ ಮೇಲೆ ಹರಿಹಾಯ್ದ: "ಎಣಿಸೋಕೆ ಬರದೆ ಇದ್ರೆ ಯಾಕ್ರೀ ಈ ಕೆಲಸಕ್ಕೆ ಬರ್ತೀರಿ?" ತಮ್ಮ ತಿರುಗಿ, "ನಿಮ್ಮ ಪಕ್ಕದಲ್ಲಿ ಕೂತು ಊಟ ಮಾಡ್ಬೇಕಾದವರು ಇಲ್ಲ ಅನ್ನೋದು ನಿಮಗೂ ಕಾಣಿಸ್ಲಿಲ್ಲವಲ್ಲ!" ಎಂದ. ಅವಳು ಮುಂಭಾಗದಲ್ಲಿ ನಿಂತು ನೋಡುತ್ತಿದ್ದಳು. ಆ ಮಂಜುಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ನೋಡುತ್ತಿದ್ದಳು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ದಿಬ್ಬವಿರಬೇಕಾದ ಜಾಗಕ್ಕೆ ಬಂದರು. ಬಿಳಿ ಅನ್ನುವುದು ಎಲ್ಲೂ ಇರಲಿಲ್ಲ. ತಿಳಿ ಹಸಿರು ನೀರು, ಅದರ ನಡುವೆ ಒಂದು ತಲೆ, ಎರಡು ಕೈ, ಕೈಯಲ್ಲಿ ಎತ್ತಿಹಿಡಿದ ಅಂಗಿ. ಅಲೆ ಬಂದಾಗ ತಲೆ ಕಾಣುತ್ತಿರಲಿಲ್ಲ. ಅಂಗಿ ಮಾತ್ರ ಕಾಣುತ್ತಿತ್ತು.

ದೊಡ್ಡ ದೋಣಿ ಅಷ್ಟು ಆಳವಿಲ್ಲದ ನೀರಿಗೆ ಹೋಗುವಂತಿರಲಿಲ್ಲ. ತಮ್ಮ ಚುಕ್ಕಾಣಿ ಬಿಡುವಂತಿರಲಿಲ್ಲ. ಅವಳು ಪುಟ್ಟ ದೋಣಿಗೆ ಇಳಿದಳು. ಮಾಲೀಕ, "ನಾನೂ ಬರ್ತೀನಿ," ಎಂದು ಕಾಲೆತ್ತಿದ. "ಕೂತ್ಕೊಳ್ಳಿ. ಭಾರ ಬೇಡ," ಅಂದಳು. ಅರವತ್ತೊಂದು ವರ್ಷದ ತೋಳುಗಳು ಹುಟ್ಟು ಹಾಕಿದವು. ಹತ್ತಿರ ಹೋದಂತೆ ಬೈಂಡರ್ ದೋಣಿಯ ಪಕ್ಕವನ್ನು ತಬ್ಬಿ ಎಳೆದ. ನೀರು ಒಳಗೆ ನುಗ್ಗಿತು. ಇಬ್ಬರೂ ಮುಳುಗುವುದಕ್ಕೆ ಅಷ್ಟೇ ಸಾಕಿತ್ತು. ಅವಳು ಹುಟ್ಟಿನ ಹಿಡಿಯಿಂದ ಅವನ ಬೆರಳಿಗೆ ಹೊಡೆದಳು.

"ಪಕ್ಕ ಬಿಡಿ! ಹಿಂದಿನಿಂದ ಬನ್ನಿ! ಹಿಂದಿನಿಂದ!"

ಅವನು ಕೈ ಬಿಟ್ಟ, ಮುಳುಗಿದ, ಹಿಂಬದಿಯಲ್ಲಿ ಎದ್ದ. ಅವಳು ಸೊಂಟದ ಬೆಲ್ಟಿಗೆ ಕೈ ಹಾಕಿ ಎಳೆದಳು. ದೋಣಿಯ ತಳದಲ್ಲಿ ಬಿದ್ದು ಬಹಳ ಹೊತ್ತು ಉಪ್ಪುನೀರು ಕಕ್ಕಿದ. ತುಟಿ ನೀಲಿಗಟ್ಟಿತ್ತು, ಬೆನ್ನು ಬಿಸಿಲಿಗೆ ಸುಟ್ಟಿತ್ತು. ದಿಬ್ಬದ ಆ ತುದಿಯಲ್ಲಿ ಕುಳಿತವನಿಗೆ ಜೊಂಪು ಹತ್ತಿತ್ತಂತೆ. ಕಹಳೆಯ ಸದ್ದನ್ನು ಗಾಳಿ ಆಚೆಗೆ ಒಯ್ದಿತ್ತು. ಎದ್ದಾಗ ಹಾಯಿ ಬೆರಳಷ್ಟಾಗಿತ್ತು.

ಸ್ವಲ್ಪ ಸುಧಾರಿಸಿಕೊಂಡು ಅವನು ಕೇಳಿದ: "ನಿಮಗೆ ಹೇಳಿ ಹೋಗಿದ್ದೆ ಅಲ್ವಾ ಅಕ್ಕ?"

"ಹೇಳಿದ್ರಿ."

"ನೆನಪಿತ್ತಾ?"

"ಇರ್ಲಿಲ್ಲ."

ಅವನು ತಲೆಯಾಡಿಸಿದ. ಆಚೆಯಿಂದ ಹನ್ನೊಂದು ಜನ ಕೈಬೀಸಿ, ಚಪ್ಪಾಳೆ ತಟ್ಟಿ, ಅವನನ್ನು ಕೂಗುತ್ತಿದ್ದರು. ಮಾಲೀಕ ಅಳುತ್ತಿದ್ದ. ಬೈಂಡರ್ ಅವರ ಕಡೆಗೆ ಬೆನ್ನು ಮಾಡಿ ಕುಳಿತು, "ಸ್ವಲ್ಪ ನಿಧಾನಕ್ಕೆ ಹೋಗೋಣ," ಎಂದ.

"ಆಗಲ್ಲ. ಸೆಳೆತ ಜಾಸ್ತಿ ಇದೆ," ಎಂದು ಅವಳು ಹುಟ್ಟು ಹಾಕಿದಳು.

ಪ್ರವಾಸ ಅಲ್ಲಿಗೇ ಮುಗಿಯಿತು. ಬಂದರಿನ ಕಚೇರಿಯಲ್ಲಿ ಅಧಿಕಾರಿ ಹೇಳಿಕೆ ಬರೆದುಕೊಳ್ಳುತ್ತಿದ್ದಾಗ ತಮ್ಮ, "ಅವರು ಯಾರಿಗೂ ಹೇಳದೆ ದೂರ ಹೋಗಿಬಿಟ್ಟಿದ್ರು ಸಾರ್," ಎಂದು ಶುರುಮಾಡಿದ. ಪರವಾನಗಿ ಹೋದರೆ ಮನೆ ನಡೆಯುವುದು ಹೇಗೆಂಬ ಅವನ ಹೆದರಿಕೆ ಸುಳ್ಳಲ್ಲ. ಪರ್ವಾಗಿಲ್ಲ ಅನ್ನುವಂತೆ ಬೈಂಡರ್ ಸುಮ್ಮನೆ ಬೆಂಚಿನ ಮೇಲೆ ಕುಳಿತಿದ್ದ. ಅವನು ಎದುರಾಡುವವನಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಅವರು ಹೇಳಿದ್ರು," ಎಂದಳು ಬುಟ್ಟಿಯಕ್ಕ. "ನನಗೇ ಹೇಳಿದ್ರು. ಹೋಗಿ ಅಂದವಳು ನಾನು. ಮನುಷ್ಯರನ್ನ ನೋಡದೆ ಚಪ್ಪಲಿ ಎಣಿಸಿದವಳೂ ನಾನೇ. ಹಾಗೇ ಬರ್ಕೊಳ್ಳಿ."

ತಮ್ಮ, "ಅಕ್ಕ!" ಎಂದ. ಅವಳು ಅವನ ಕಡೆ ನೋಡಲಿಲ್ಲ. ಅಧಿಕಾರಿ ಬರೆದುಕೊಂಡ. ಅವಳು ಕಾಗದವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಪ್ರತಿ ಸಾಲನ್ನೂ ಓದಿ, ಸಹಿ ಹಾಕಿದಳು.

ಪರವಾನಗಿ ಇಲ್ಲದೆ ದೋಣಿ ಆರು ತಿಂಗಳು ಕಟ್ಟಿಹಾಕಿದಲ್ಲೇ ಇತ್ತು. ತಮ್ಮ ಈಗ ಮತ್ತೆ ಗುಂಪುಗಳನ್ನು ಕರೆದೊಯ್ಯುತ್ತಾನೆ, ಬೇರೆ ಅಡುಗೆಯವಳೊಂದಿಗೆ. ಅಕ್ಕನೊಡನೆ ಮಾತಿಲ್ಲ. ಅವಳು ಶೆಡ್ಡಿನ ಹಿಂದಿನ ಕೋಣೆಯಲ್ಲಿದ್ದಾಳೆ. ಹಳೆಯ ಹಾಯಿಗಳ ಹೊಲಿಗೆ ಬಿಚ್ಚುವ ಕೆಲಸ ಕೊಟ್ಟಿದ್ದಾರೆ, ಅದಕ್ಕೆ ಅಷ್ಟು ಕಣ್ಣು ಬೇಡ. ತಮ್ಮನನ್ನು ಹೋಗಿ ಮಾತಾಡಿಸಬಾರದೇ ಎಂದು ಯಾರಾದರೂ ಕೇಳಿದರೆ, "ಅವನೂ ಆ ಮಧ್ಯಾಹ್ನ ನೋಡಿದಾನಲ್ಲ, ನೀರಿನ ಮೇಲೆ ಬರೀ ಅಂಗಿ ಇದ್ದದ್ದನ್ನ. ನೋಡಿಯೂ ತಪ್ಪು ಅವರದ್ದೇ ಅಂತ ಬರೆಸೋಕೆ ಹೋದ," ಎಂದು ಮತ್ತೆ ದಾರ ಬಿಚ್ಚತೊಡಗುತ್ತಾಳೆ.