ಹರಿದದ್ದು ಕಾಣದ ಕೋಟು

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಸೂಜಕ್ಕ ಎನ್ನುತ್ತಿದ್ದರು. ಆ ಹೆಸರಿಟ್ಟವನು ಮಾಲೀಕ. ಅವಳು ಕೆಲಸ ಕೇಳಿಕೊಂಡು ಬಂದ ದಿನ, ಸಿಗರೇಟಿನ ಕಿಡಿ ಬಿದ್ದು ತೂತಾಗಿದ್ದ ಒಂದು ಉಣ್ಣೆ ಪ್ಯಾಂಟನ್ನು ಪರೀಕ್ಷೆಗೆಂದು ಕೊಟ್ಟಿದ್ದ. ಸಂಜೆ ಅದನ್ನು ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ, ತೂತು ಸಿಗದೆ, ಬೇರೆ ಪ್ಯಾಂಟು ಕೊಟ್ಟು ನನ್ನನ್ನೇ ಆಟ ಆಡಿಸ್ತಿದ್ದೀಯಾ ಎಂದು ಕೇಳಿಬಿಟ್ಟಿದ್ದ. ರಫೂ ಕೆಲಸವೆಂದರೆ ಹಾಗೆಯೇ. ಮೇಲೊಂದು ತೇಪೆ ಒತ್ತಿ ಕೈತೊಳೆದುಕೊಳ್ಳುವುದಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಎಳೆದು, ಹರಿದ ಕಡೆ ಅಡ್ಡಕ್ಕೂ ಉದ್ದಕ್ಕೂ ಹೆಣೆದು, ಅಲ್ಲಿ ಏನೂ ಆಗಿಯೇ ಇರಲಿಲ್ಲ ಎನ್ನುವಂತೆ ಮಾಡಬೇಕು. ಅವಳ ಅಪ್ಪ ದರ್ಜಿ. ಹೊಲಿಗೆ ಕಣ್ಣಿಗೆ ಬಿತ್ತೆಂದರೆ ಪೂರ್ತಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ ಆಸಾಮಿ. ಹಾಗೆ ಪಳಗಿದ ಕೈ ಅವಳದು.

ಮನೆಯಲ್ಲೂ ಅವಳು ಮಾಡುತ್ತಿದ್ದುದು ಇದೇ ಕೆಲಸ. ಗಂಡ ಈ ಪರದೇಶಕ್ಕೆ ಮೊದಲೇ ಬಂದು ಬೇರು ಬಿಟ್ಟವನು, ಸರಕಿನ ಲಾರಿ ಓಡಿಸುತ್ತಿದ್ದ. ಊರಿಗೆ ಹೋಗಿ ಮದುವೆಯಾಗಿ, ತಾನೇ ಸ್ಪಾನ್ಸರ್ ಆಗಿ ಹೆಂಡತಿಯ ವೀಸಾ ಮಾಡಿಸಿ ಕರೆಸಿಕೊಂಡಿದ್ದ. ಹೊರಗೆ ನೋಡಿದರೆ ಬೆಣ್ಣೆಯಂಥ ಮನುಷ್ಯ. ಪಕ್ಕದ ಮನೆಯ ಮುದುಕಿಯ ಸಾಮಾನಿನ ಚೀಲ ಹೊತ್ತು ಮೂರು ಮಹಡಿ ಹತ್ತುತ್ತಿದ್ದ. ಬಾಗಿಲು ಹಾಕಿಕೊಂಡರೆ ಬಾಯಿಗಿಂತ ಮೊದಲು ಕೈ ಮಾತಾಡುತ್ತಿತ್ತು. "ನಾನೊಂದು ಮಾತು ಹೇಳಿದ್ರೆ ಸಾಕು, ನಿನ್ನ ವಿಮಾನ ಹತ್ತಿಸ್ತಾರೆ. ಮಗು ಇಲ್ಲೇ ಹುಟ್ಟಿದ್ದು, ಇಲ್ಲೇ ಇರತ್ತೆ," ಎನ್ನುವುದು ಅವನ ದಿನನಿತ್ಯದ ಪಲ್ಲವಿ. ಅವಳು ಕಿತ್ತುಬಂದ ಕಾಲರಿಗೆ ಹೊಲಿಗೆ ಹಾಕಿದಳು. ಎಳೆದಾಡಿದ ಪರದೆಗೆ ಹಾಕಿದಳು. ಒಡೆದ ಬಟ್ಟಲನ್ನು ಕಸದ ಡಬ್ಬಿಯಲ್ಲಿ ತರಕಾರಿ ಸಿಪ್ಪೆಯ ಅಡಿಗೆ ತಳ್ಳಿದಳು. ಕೆನ್ನೆಗೆ ಪೌಡರು ಮೆತ್ತಿಕೊಂಡು, ಬಸ್ಸು ಹತ್ತಿ, ಅಂಗಡಿಗೆ ಹೋಗಿ ನಗುನಗುತ್ತಲೇ ಗಿರಾಕಿಗಳ ಬಟ್ಟೆ ತೆಗೆದುಕೊಂಡಳು. ಮಾನವಂತರ ಮನೆಯ ಹೆಣ್ಣು ಹೀಗೇ ಇರಬೇಕೆಂದು ಯಾವ ಪುಣ್ಯಾತ್ಮರು ಇವಳ ತಲೆಗೆ ತುಂಬಿದ್ದರೋ, ಅವರ ಬಾಯಿಗಿಷ್ಟು ಮಣ್ಣು ಹಾಕ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಮಗಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗಲೆಂದು ಹೊರಟವಳನ್ನು ಅವನು ಮೆಟ್ಟಿಲ ಮೇಲೆ ತಡೆದು ಕೋಟಿನ ತೋಳು ಹಿಡಿದು ಎಳೆದ. ತೋಳು ಭುಜದಿಂದ ಅಂಗೈಯಗಲ ಹರಿಯಿತು. ಎಳೆದವನೇ ತಳ್ಳಿದ. ಅವಳು ಕೆಳಗಿನ ತಿರುವಿನವರೆಗೂ ಉರುಳಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಜಾರಿ ಬಿದ್ದೆ ಎಂದಳು. ಪಟ್ಟಿ ಬಿಚ್ಚಿದ ವಾರವೇ ಕೂತು ಕೋಟನ್ನು ರಫೂ ಮಾಡಿದಳು. ಅದರಂಥ ಕೆಲಸ ಅವಳು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಅಷ್ಟಾದರೂ ಮದುವೆ ಉಳಿಯಲಿಲ್ಲ. ಗಂಡನಿಗೆ ಬೇರೆ ಯಾರೋ ಒಬ್ಬಳು ಸಿಕ್ಕಿದ್ದಳು. ಸಂಸಾರ ಮುರಿದಿದೆ, ಇವಳ ಜವಾಬ್ದಾರಿ ಇನ್ನು ನನ್ನದಲ್ಲ ಎಂದು ಅವನೇ ವಲಸೆ ಕಚೇರಿಗೆ ತಿಳಿಸಿದ. ಅವಳು ಐದು ವರ್ಷದ ಮಗಳ ಕೈ ಹಿಡಿದುಕೊಂಡು, ಮನೆಬಿಟ್ಟ ಹೆಂಗಸರಿಗೆ ಆಸರೆ ಕೊಡುವ ಕೇಂದ್ರದಲ್ಲಿ ಒಂದು ಕೋಣೆ ಸೇರಿದಳು. ಊರಿನಿಂದ ಅಮ್ಮ ಫೋನಿನಲ್ಲಿ ಅತ್ತಳು. "ಸ್ವಲ್ಪ ಹೊಟ್ಟೆಗೆ ಹಾಕ್ಕೋಬಾರ್ದಾಗಿತ್ತಾ ಮಗಳೇ," ಎಂದಳು. ಹಾಕಿಕೊಂಡು ಹಾಕಿಕೊಂಡು ಹೊಟ್ಟೆಯಲ್ಲಿ ಇನ್ನು ಜಾಗ ಎಲ್ಲಿತ್ತು.

ಕೇಂದ್ರದ ವಕೀಲೆ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು, ಮಾತು ನೇರ. "ಗಂಡ ಕೈಬಿಟ್ಟ ಅಂದಮಾತ್ರಕ್ಕೆ ನೀವು ವಾಪಸ್ ಹೋಗ್ಬೇಕು ಅಂತೇನಿಲ್ಲ. ಹಿಂಸೆಯಿಂದ ಸಂಸಾರ ಮುರೀತು ಅಂತ ತೋರಿಸಿದ್ರೆ ನಿಮ್ಮ ಸ್ವಂತ ಹಕ್ಕಿನ ಮೇಲೆ ಇಲ್ಲಿರೋಕೆ ಬಿಡ್ತಾರೆ. ತೋರಿಸೋಕೆ ಆಗ್ಲಿಲ್ಲ ಅಂದ್ರೆ ಹೊರಡಬೇಕಾಗತ್ತೆ."

"ಮಗು?"

"ಮಗೂನ ಕರ್ಕೊಂಡು ಹೋಗೋಕೆ ಅವರಪ್ಪ ಒಪ್ಪಬೇಕು. ಒಪ್ತಾರಾ?"

ಅವನು ಒಪ್ಪುವವನಾಗಿದ್ದರೆ ಇಷ್ಟು ವರ್ಷ ಅದೊಂದೇ ಮಾತಿನಿಂದ ಅವಳನ್ನು ಆಡಿಸುತ್ತಿದ್ದನೇ.

ವಕೀಲೆ ಒಂದೊಂದಾಗಿ ಕೇಳಿದಳು. ಪೊಲೀಸರಿಗೆ ಹೇಳಿದ್ದಿರಾ? ಇಲ್ಲ. ಆಸ್ಪತ್ರೆಯಲ್ಲಿ? ಜಾರಿ ಬಿದ್ದೆ ಅಂದಿದ್ದೆ. ಗಾಯದ ಫೋಟೋ? ಅಂಥದನ್ನು ಯಾರಾದರೂ ತೆಗೆಸಿಕೊಳ್ಳುತ್ತಾರಾ ಮೇಡಂ. ಅಕ್ಕಪಕ್ಕದವರು? ಪಕ್ಕದ ಮುದುಕಿ ಅವನನ್ನು ದೇವರಂಥವನು ಎಂದು ಆಗಲೇ ಹೇಳಿ ಕಳಿಸಿದ್ದಳು. ಅಂಗಡಿಯ ಮಾಲೀಕನನ್ನು ಕೇಳಿದ್ದಕ್ಕೆ ಅವನು ತಲೆ ಕೆರೆದುಕೊಂಡು, "ನೀನು ಯಾವಾಗ್ಲೂ ನಗ್ತಾನೇ ಇರ್ತಿದ್ದೆಯಲ್ಲ ಸೂಜಕ್ಕಾ. ನಾನು ಏನಂತ ಸಾಕ್ಷಿ ಹೇಳ್ಲಿ?" ಎಂದಿದ್ದ. ಪಾಪ, ಅವನದೂ ತಪ್ಪಿಲ್ಲ.

ಆಗ ಅವಳಿಗೆ ಕೋಟು ನೆನಪಾಯಿತು. ಅದನ್ನು ತಂದು ವಕೀಲೆಯ ಮೇಜಿನ ಮೇಲೆ ಹರಡಿ, ಭುಜದ ಹತ್ತಿರ ಬೆರಳಿಟ್ಟಳು.

"ಇಲ್ಲಿಂದ ಇಲ್ಲಿವರೆಗೆ ಹರಿದಿತ್ತು."

ವಕೀಲೆ ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು. "ನನಗೇನೂ ಕಾಣ್ತಿಲ್ಲವಲ್ಲಮ್ಮ. ಇರಲಿ, ಇದನ್ನ ಜೋಪಾನವಾಗಿಡಿ. ಬಟ್ಟೆ ವಿಷಯ ಗೊತ್ತಿರೋರು ಯಾರಾದ್ರೂ ಸಿಕ್ತಾರಾ ವಿಚಾರಿಸ್ತೀನಿ."

ಅವಳ ಕಿವಿಗೆ ಬಿದ್ದದ್ದು ಮೊದಲ ಮಾತಷ್ಟೇ. ಕಾಣುತ್ತಿಲ್ಲ. ಕಾಣದಿದ್ದರೆ ಕಾಣುವಂತೆ ಮಾಡಿದರಾಯಿತು ಎಂದುಕೊಂಡಳು ಆ ಪೆದ್ದಿ. ಮರುದಿನ ಊಟದ ಬಿಡುವಿನಲ್ಲಿ, ಇಸ್ತ್ರಿ ಯಂತ್ರದ ಹಬೆಯ ಪಕ್ಕ ಕೂತು, ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಸಣ್ಣ ಕತ್ತರಿಯ ತುದಿಯಿಂದ ತಾನು ಹೆಣೆದದ್ದನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಿದಳು. ನೂಲಿನ ಚೂರುಗಳನ್ನು ಅಚ್ಚುಕಟ್ಟಾಗಿ ಒಟ್ಟುಮಾಡಿ ಕಸಕ್ಕೆ ಹಾಕಿದಳು. ಹರಿದ ತೋಳು ಆ ದಿನದಂತೆಯೇ ಜೋತುಬಿತ್ತು. ಸಂಜೆ ಅದನ್ನು ಎತ್ತಿಕೊಂಡು ಓಡಿದಳು.

ವಕೀಲೆಯ ಮುಖ ಸಪ್ಪಗಾಯಿತು.

"ನೀವೇ ಬಿಚ್ಚಿದ್ರಾ?"

"ಹೌದು ಮೇಡಂ. ಈಗ ಚೆನ್ನಾಗಿ ಕಾಣತ್ತೆ ನೋಡಿ."

"ಅಯ್ಯೋ, ಆ ಹೊಲಿಗೆ ಇದ್ದಿದ್ರೆ ತಿಳಿದವರು ಭೂತಗನ್ನಡಿ ಹಿಡಿದು, ಇಲ್ಲಿ ಹರಿದಿತ್ತು, ಇವರು ಸರಿಮಾಡಿದಾರೆ ಅಂತ ಹೇಳ್ಬಹುದಿತ್ತು. ಈಗ ಯಾರು ನೋಡಿದ್ರೂ ನೀವೇ ಕತ್ತರಿ ಹಾಕಿದ್ದು ಅಂತಾರೆ. ಕತ್ತರಿ ಹಿಡಿಯೋದೇ ನಿಮ್ಮ ಕೆಲಸ ತಾನೇ?"

ಅವಳು ಕುರ್ಚಿಯ ತುದಿಯಲ್ಲಿ ಕೂತು ಕೋಟನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಕಣ್ಣಲ್ಲಿ ನೀರೂ ಬರಲಿಲ್ಲ. ತನ್ನ ಕೈಯನ್ನೇ ಮುರಿದು ಹಾಕಬೇಕು ಅನ್ನಿಸಿತು. ಅದನ್ನು ಗಂಡ ಆಗಲೇ ಒಮ್ಮೆ ಮಾಡಿದ್ದ.

ವಕೀಲೆ ಫೈಲು ತಿರುವಿಹಾಕಿ ಹೇಳಿದಳು. "ಆ ದಿನ ಮೆಟ್ಟಿಲ ಹತ್ರ ಮಗು ಇತ್ತು ಅಂದ್ರಲ್ಲ. ಮಕ್ಕಳ ಜೊತೆ ಆಟ ಆಡ್ತಾ ಮಾತಾಡೋ ಒಬ್ಬ ಮೇಡಂ ಇದಾರೆ. ಅವರ ಅಭಿಪ್ರಾಯಕ್ಕೆ ಕಚೇರೀಲಿ ಬೆಲೆ ಇದೆ. ಆದ್ರೆ ಒಂದು ಮಾತು. ಮಗುಗೆ ಮೊದಲೇ ಏನೂ ಹೇಳ್ಕೊಡ್ಬೇಡಿ. ಹೇಳ್ಕೊಟ್ಟಿದ್ದು ಅಂತ ಒಂಚೂರು ವಾಸನೆ ಬಂದ್ರೂ ಎಲ್ಲಾ ಕೆಡತ್ತೆ. ಕೋಟಿಗೆ ಮಾಡಿದ ಹಾಗೆ ಮಾಡ್ಬೇಡಿ."

ಅವಳು ತಲೆಯಾಡಿಸಿದಳು. ತಲೆಯಾಡಿಸುವಾಗಲೇ ನೆನಪಾಯಿತು. ಹೇಳಿಕೊಡುವುದೆಲ್ಲ ಎಂದೋ ಆಗಿಹೋಗಿತ್ತು.

ಮಣಿಕಟ್ಟು ಮುರಿದ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕೈ ಎದೆಗೊತ್ತಿಕೊಂಡು ಕೂತು, ಅವಳು ಮಗಳಿಗೆ ಪಾಠ ಮಾಡಿದ್ದಳು. ನರ್ಸ್ ಕೇಳಿದರೆ ಏನನ್ನಬೇಕು, ಶಾಲೆಯ ಮಿಸ್ ಕೇಳಿದರೆ ಏನನ್ನಬೇಕು. ನಿಜ ಹೇಳಿದರೆ ಅಮ್ಮನನ್ನು ಕರೆದುಕೊಂಡು ಹೋಗಿಬಿಡುತ್ತಾರೆ ಎಂದು ಹೆದರಿಸಿಯೂ ಇದ್ದಳು. ಆಮೇಲೆ ಬಸ್ಸಿನಲ್ಲಿ, ಸ್ನಾನ ಮಾಡಿಸುವಾಗ, ಜಡೆ ಹಾಕುವಾಗ ಮತ್ತೆ ಮತ್ತೆ ಒಪ್ಪಿಸಿಕೊಂಡಿದ್ದಳು. ಒಂದು ಮಾತು ತಪ್ಪಿದರೂ ತನ್ನ ಅಪ್ಪ ಹೊಲಿಗೆ ಬಿಚ್ಚಿಸುತ್ತಿದ್ದಂತೆ ಮೊದಲಿನಿಂದ ಹೇಳಿಸಿದ್ದಳು.

ಮಕ್ಕಳ ಮೇಡಂ ಹತ್ತಿರ ಹೋಗುವ ದಿನ ಬಸ್ಸಿನಲ್ಲಿ ಮಗಳು ಕಿಟಕಿಗೆ ಮೂಗು ಒತ್ತಿಕೊಂಡು ಬಾಯಿ ತುಂಬ ಮಾತಾಡುತ್ತಿದ್ದಳು. ಅವಳಿಗೆ ಒಂದೇ ಯೋಚನೆ. ಒಂದು ಮಾತು ಹೇಳಿಬಿಡಲೇ, ಕಂದಾ, ಇವತ್ತು ನಿಜ ಹೇಳಬಹುದು ಅಂತ? ಅದು ಹೇಳಿಕೊಟ್ಟಂತೆ ಆಗುತ್ತದೆಯೇ, ಹೇಳಿಕೊಟ್ಟದ್ದನ್ನು ಅಳಿಸಿದಂತೆ ಆಗುತ್ತದೆಯೇ? ತನ್ನ ಕೆಲಸ ತಾನೇ ಬಿಚ್ಚಲು ಹೋಗಿ ಒಮ್ಮೆ ಕೈ ಸುಟ್ಟುಕೊಂಡವಳು. ಮಗು ಮರೆತಿರಬಹುದು, ಚಿಕ್ಕ ಮಕ್ಕಳಿಗೆ ಎಷ್ಟು ದಿನ ನೆನಪಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇಳಿಯುವವರೆಗೂ ನಾಲಿಗೆ ಕಚ್ಚಿಕೊಂಡೇ ಕೂತಿದ್ದಳು.

ಆ ಕೋಣೆಯಲ್ಲಿ ಗಿಡ್ಡ ಕುರ್ಚಿಗಳು, ಬುಟ್ಟಿ ತುಂಬ ಬಟ್ಟೆಯ ಗೊಂಬೆಗಳು, ಮರದ ತುಂಡುಗಳು. ಅವಳು ಮಗಳ ಬೆನ್ನ ಹಿಂದೆ, ಮೂಲೆಯಲ್ಲಿ ಬಾಯಿ ಬಿಡದೆ ಕೂರಬೇಕೆಂದು ಮೊದಲೇ ಹೇಳಿದ್ದರು. ಮೇಡಂ ನೆಲದ ಮೇಲೆಯೇ ಕೂತು, ತುಂಡುಗಳಿಂದ ಮಗುವಿನ ಜೊತೆ ಮನೆ ಕಟ್ಟಿದಳು, ಮೆಟ್ಟಿಲು ಕಟ್ಟಿದಳು.

"ಇಲ್ಲಿ ಯಾರಿದಾರೆ?"

"ಇದು ಅಮ್ಮ. ಇದು ಅಪ್ಪ, ಮೇಲಿನ ಮೆಟ್ಟಿಲಲ್ಲಿ."

ಮೂಲೆಯಲ್ಲಿ ಕೂತವಳು ಕುರ್ಚಿಯ ತುದಿಗೆ ಸರಿದಳು. ಮೆಟ್ಟಿಲ ನೆನಪು ಮಗುವಿಗೆ ಇತ್ತು.

"ಆಮೇಲೆ ಏನಾಯ್ತು?"

ಮಗು ಅಪ್ಪನ ಗೊಂಬೆಯನ್ನು ಪಕ್ಕಕ್ಕೆ ಸರಿಸಿತು. ಆಮೇಲೆ ಅಮ್ಮನ ಗೊಂಬೆಯನ್ನು ಎತ್ತಿಕೊಂಡಿತು. "ನೆಲ ಒದ್ದೆ ಇತ್ತು. ಅಮ್ಮಂಗೆ ಬಸ್ ಹೋಗತ್ತೆ ಅಂತ ಅವಸರ. ಹೀಗೆ ಜಾರಿ ಬಿದ್ಬಿಟ್ಲು." ಗೊಂಬೆಯನ್ನು ಜಾರಿಸಿ, ಉರುಳಿಸಿಯೂ ತೋರಿಸಿತು. "ಅಪ್ಪ ಓಡಿ ಬಂದು ಎತ್ತಿದ್ರು."

ಮೇಡಂ ಮತ್ತೊಂದು ದಿಕ್ಕಿನಿಂದ ಕೇಳಿದಳು, ಬೇರೆ ಗೊಂಬೆ ಕೊಟ್ಟು ಕೇಳಿದಳು, ನಗಿಸಿ ಕೇಳಿದಳು. ಮಗು ಎಲ್ಲಿಯೂ ತಡವರಿಸಲಿಲ್ಲ. ಪ್ರತಿ ಸಲ ಮಾತು ಸ್ವಲ್ಪ ಬೇರೆ, ಸಂಗತಿ ಮಾತ್ರ ಅದೇ. ಎಲ್ಲೂ ಗಂಟಿಲ್ಲ, ಎಳೆ ಬಿಟ್ಟಿಲ್ಲ. ಕೊನೆಗೆ ಮೇಡಂ ಏನನ್ನೋ ಬರೆದುಕೊಂಡು, ಮಗುವಿನ ತಲೆ ಸವರಿ, ಆಯ್ತು ಎಂದಳು.

ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗಳಿಗೆ ಶೂ ಹಾಕತೊಡಗಿದಳು.

"ಸರಿಯಾಗಿ ಹೇಳ್ದೆನಾ ಅಮ್ಮಾ?"

ಇನ್ನು ತಡೆಯಲಾಗಲಿಲ್ಲ. "ನೆಲ ಒದ್ದೆ ಇರ್ಲಿಲ್ಲ ಕಂದಾ," ಎಂದಳು. "ನಾನು ಜಾರ್ಲಿಲ್ಲ. ಅಪ್ಪ ತಳ್ಳಿದ್ದು."

ಮಗು ಗಾಬರಿಯಿಂದ ಆಚೆ ಈಚೆ ನೋಡಿ, ತಾಯಿಯ ಬಾಯಿಯ ಮೇಲೆ ಪುಟ್ಟ ಅಂಗೈ ಒತ್ತಿತು.

"ಮೆತ್ತಗೆ ಅಮ್ಮಾ. ನಂಗೆ ಗೊತ್ತು, ನಾನು ನೋಡಿದೀನಿ. ಹಾಗಂತ ಹೇಳಿದ್ರೆ ನಿನ್ನ ಕರ್ಕೊಂಡು ಹೋಗ್ಬಿಡ್ತಾರೆ."

ಒಳಗಿನಿಂದ ಬಾಗಿಲು ತೆರೆದ ಮೇಡಂ, ಅವರಿಬ್ಬರನ್ನೂ ನೋಡಿ ನಕ್ಕು, ಕಾಯುತ್ತಿದ್ದ ಇನ್ನೊಂದು ಮಗುವನ್ನು ಕರೆದಳು.